ವಾಸ್ಟ್-ಟೂಲ್ಸ್, ಎಕ್ಸಾರ್ಥಿಸ್ಟ್ ಜೋಡಿ: ವರ್ಷಗಟ್ಟಲೆ ಬಳಸಿದವರ ಮಾತು

ಮನುಷ್ಯ, ಇಲಿ, ಕೋಳಿ, ಜೀಬ್ರಾಫಿಶ್. ಇವುಗಳ ಮಿದುಳಿನ ಆರ್‌ಎನ್‌ಎ ಡೇಟಾದಲ್ಲಿ ಸ್ಪ್ಲೈಸಿಂಗ್ (ಜೀನ್‌ನ ಆರ್‌ಎನ್‌ಎ ಪ್ರತಿಯಿಂದ ಇಂಟ್ರಾನ್ ಅನ್ನುವ ತುಣುಕು ಕತ್ತರಿಸಿ, ಎಕ್ಸಾನ್ ಅನ್ನುವ ತುಣುಕು ಜೋಡಿಸುವುದು) ಹೋಲಿಸುವುದು ನನ್ನ ಕೆಲಸ. ಅದಕ್ಕೆ ಬಳಸುವ ವಾಸ್ಟ್-ಟೂಲ್ಸ್, ಎಕ್ಸಾರ್ಥಿಸ್ಟ್ ಅನ್ನುವ ಎರಡೂ ಸಾಫ್ಟ್‌ವೇರ್ ಟೂಲ್‌ಗಳ ಹಿಂದೆ ಬಾರ್ಸಿಲೋನಾದ ಮಾನುಯೆಲ್ ಇರಿಮಿಯಾ ಲ್ಯಾಬ್ ಇದೆ. ಎರಡೂ ಉಚಿತ.

ಒಂದು ಎಕ್ಸಾನ್ ಶೇಕಡಾ ಎಷ್ಟು ಟ್ರಾನ್ಸ್‌ಕ್ರಿಪ್ಟ್‌ಗಳಲ್ಲಿ (ಜೀನ್‌ನ ಆರ್‌ಎನ್‌ಎ ಪ್ರತಿಗಳಲ್ಲಿ) ಉಳಿದಿದೆ ಅನ್ನುವ ಲೆಕ್ಕವೇ ಪಿಎಸ್‌ಐ. ಅದನ್ನು ತೆಗೆಯುವುದು ವಾಸ್ಟ್-ಟೂಲ್ಸ್ ಕೆಲಸ, ಅದಕ್ಕೆ ಆರ್‌ಮ್ಯಾಟ್ಸ್, ಸುಪ್ಪಾ2 ಅನ್ನುವ ಟೂಲ್‌ಗಳೂ ಇವೆ. ತಲೆನೋವು ಬೇರೆ ಕಡೆ ಇದೆ. ಇಲಿಯ ಈ ಎಕ್ಸಾನ್‌ಗೆ ಕೋಳಿಯಲ್ಲಿ ಜೋಡಿ ಯಾವುದು? 2012ರಲ್ಲಿ ಸೈನ್ಸ್ ಪತ್ರಿಕೆಯ ಎರಡು ಅಧ್ಯಯನಗಳು ತೋರಿಸಿದಂತೆ, ಜೀನ್ ಎಕ್ಸ್‌ಪ್ರೆಶನ್ ಅಂಗವಾರು ಗುಂಪಾದರೆ ಸ್ಪ್ಲೈಸಿಂಗ್ ಬಹುಮಟ್ಟಿಗೆ ಜೀವಿವಾರು ಗುಂಪಾಗುತ್ತದೆ. ಅಂದಮೇಲೆ ಜೋಡಿ ತಪ್ಪಿದರೆ ಆ ತಪ್ಪೇ ವಿಕಾಸದ ವ್ಯತ್ಯಾಸದ ಹಾಗೆ ಕಾಣುತ್ತದೆ ಅಲ್ವಾ?

ವಾಸ್ಟ್-ಟೂಲ್ಸ್ ನನಗೆ ಇಷ್ಟವಾಗಿದ್ದು ಮೈಕ್ರೋಎಕ್ಸಾನ್‌ಗಳಿಂದ. 3ರಿಂದ 27 ಬೇಸ್ (ಆರ್‌ಎನ್‌ಎ ಅಕ್ಷರ) ಉದ್ದದ ಈ ಪುಟಾಣಿಗಳು ನರಕೋಶಗಳಲ್ಲೇ ಜಾಸ್ತಿ. ಆರ್‌ಎನ್‌ಎ ರೀಡ್‌ಗಳನ್ನು (ಓದಿದ ತುಣುಕುಗಳನ್ನು) ಜೀನೋಮ್‌ಗೆ ಹೊಂದಿಸುವ ಸಾಮಾನ್ಯ ಅಲೈನರ್‌ಗಳ ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ. ಇಲ್ಲಿ ಅವುಗಳ ಜಂಕ್ಷನ್‌ಗಳು (ಎಕ್ಸಾನ್‌ಗಳು ಕೂಡುವ ಜಾಗಗಳು) ಟೂಲ್‌ನ ಲೈಬ್ರರಿಯಲ್ಲಿ ಮೊದಲೇ ಇವೆ. ಪ್ರತಿ ಸ್ಪ್ಲೈಸಿಂಗ್ ಈವೆಂಟ್‌ಗೂ ಕಾಯಂ ಐಡಿ ಇರುವುದರಿಂದ ಹಳೆಯ ಫಲಿತಾಂಶದ ಪಕ್ಕ ಹೊಸದನ್ನು ಸಲೀಸಾಗಿ ಇಡಬಹುದು. ಕೊರತೆಯೂ ಅದೇ ಲೈಬ್ರರಿ. ಅದರಲ್ಲಿಲ್ಲದ ಎಕ್ಸಾನ್ ನಿಮ್ಮ ಡೇಟಾದಲ್ಲಿದ್ದರೂ ಲೆಕ್ಕಕ್ಕೆ ಬರುವುದಿಲ್ಲ. ಇನ್ನೊಂದು ಮಾತು, ಪಿಎಸ್‌ಐ ಪಕ್ಕದ ಕ್ವಾಲಿಟಿ ಕಾಲಂ ನೋಡದೆ ಸುಮ್ನೆ ಗ್ರಾಫ್ ಹಾಕಬೇಡಿ.

2021ರಲ್ಲಿ ಬಂದ ಎಕ್ಸಾರ್ಥಿಸ್ಟ್ ಜೋಡಿ ಹುಡುಕುವ ಕೆಲಸ ಮಾಡುತ್ತದೆ. ಬರೀ ಸೀಕ್ವೆನ್ಸ್ ಹೋಲಿಕೆ ನಂಬಿ ಕೂರುವುದಿಲ್ಲ. ಪ್ರೋಟೀನ್‌ನ ಯಾವ ಜಾಗದಲ್ಲಿ, ಕೋಡಾನ್‌ನ (ಮೂರಕ್ಷರದ ಗುಂಪಿನ) ಯಾವ ಅಕ್ಷರದ ಬಳಿ ಇಂಟ್ರಾನ್ ನುಗ್ಗಿದೆ ಅನ್ನುವುದನ್ನೂ ನೋಡುತ್ತದೆ. ಹೀಗಾಗಿ ಒಂದೇ ಜೀನ್‌ನಲ್ಲಿ ನಕಲಾಗಿ ಎರಡಾದ ಎಕ್ಸಾನ್‌ಗಳಿದ್ದಾಗಲೂ ಫಲಿತಾಂಶ ಅರ್ಥವಾಗುವ ಹಾಗಿರುತ್ತದೆ.

ಆದರೆ ಅಡುಗೆಗಿಂತ ತರಕಾರಿ ಹೆಚ್ಚುವುದೇ ದೊಡ್ಡ ಕೆಲಸ. ಪ್ರತಿ ಜೀವಿಯ ಜೀನೋಮ್, ಜಿಟಿಎಫ್ ಫೈಲ್ (ಜೀನ್, ಎಕ್ಸಾನ್ ಎಲ್ಲೆಲ್ಲಿವೆ ಅನ್ನುವ ಆ್ಯನೊಟೇಶನ್), ಜೀನ್‌ಗಳ ಆರ್ಥೋಗ್ರೂಪ್ (ಬೇರೆ ಬೇರೆ ಜೀವಿಗಳ ಒಂದೇ ಮೂಲದ ಜೀನ್‌ಗಳ ಗುಂಪು) ಪಟ್ಟಿ, ಎಲ್ಲದರ ಐಡಿಗಳೂ ಒಂದಕ್ಕೊಂದು ಹೊಂದಬೇಕು. ಆ್ಯನೊಟೇಶನ್ ಬಡವಾಗಿರುವ ಜೀವಿಯಲ್ಲಿ ಎಕ್ಸಾನ್ "ಇಲ್ಲ" ಅಂತ ಬಂದರೆ ನಾನು ನಂಬುವುದಿಲ್ಲ, ಆರ್‌ಎನ್‌ಎ ರೀಡ್‌ಗಳಲ್ಲಿ ಮತ್ತೆ ಹುಡುಕುತ್ತೇನೆ. ಕೆಲಸದ ಹಂತಗಳನ್ನು ಸಾಲಾಗಿ ಓಡಿಸುವ ನೆಕ್ಸ್ಟ್‌ಫ್ಲೋ ಸಾಫ್ಟ್‌ವೇರ್ ಪರಿಚಯವಿದ್ದರೆ ಓಡಿಸುವುದು ಕಷ್ಟವಲ್ಲ.

5ಕ್ಕೆ 4 ಕೊಡುತ್ತೇನೆ. ಬರೀ ಇಲಿ, ಮನುಷ್ಯ ಹೋಲಿಸುವವರು ಇಷ್ಟೆಲ್ಲ ಒದ್ದಾಡಬೇಕಿಲ್ಲ, ಬಹಳಷ್ಟು ಎಕ್ಸಾನ್‌ಗಳಿಗೆ ಒಂದು ಜೀನೋಮ್‌ನ ಜಾಗವನ್ನು ಇನ್ನೊಂದರಲ್ಲಿ ಹುಡುಕಿಕೊಡುವ ಲಿಫ್ಟ್‌ಓವರ್ ಟೂಲ್ ಸಾಕು. ಮೀನೋ ನೊಣವೋ ಸೇರಿದರೆ ಅದು ಕೈಕೊಡುತ್ತದೆ, ಆಗ ಎಕ್ಸಾರ್ಥಿಸ್ಟ್ ಇನ್‌ಸ್ಟಾಲ್ ಮಾಡಿ.