ಬ್ಲೆಂಡರ್ 4.2ರಿಂದ 4.5ಕ್ಕೆ: ಯಕ್ಷಗಾನದ ವೇಷ ಬರೆದು ಕುಣಿಸುವವರಿಗೆ ಸಿಕ್ಕಿದ್ದೇನು, ಕೈತಪ್ಪಿದ್ದೇನು

ಶಿರಸಿ, ಕುಮಟಾ, ಹೊನ್ನಾವರ ಕಡೆ ಬಡಗುತಿಟ್ಟಿನ ವೇಷಗಳನ್ನು ಕೈಯಲ್ಲೇ ಬರೆದು ಅನಿಮೇಷನ್ ಮಾಡುವವರಿಗೆ ಬ್ಲೆಂಡರ್ ಎಂಬ ಅನಿಮೇಷನ್ ತಂತ್ರಾಂಶದ ಗ್ರೀಸ್ ಪೆನ್ಸಿಲ್ (ಕೈಯಲ್ಲಿ ಗೆರೆ ಎಳೆದು ಚಿತ್ರ ಬರೆಯುವ ಉಪಕರಣ) ಧಾರಾಳ ಸಾಕು, ಅದೂ ಪುಕ್ಕಟೆ. ಆದರೆ ಬಹಳ ಜನ 2024ರ ಜುಲೈಯಲ್ಲಿ ಬಂದ 4.2 ಎಲ್‌ಟಿಎಸ್‌ನಲ್ಲೇ (ದೀರ್ಘಕಾಲ ತಿದ್ದುಪಡಿ ಸಿಗುವ ಆವೃತ್ತಿ) ನಿಂತಿದ್ದಾರೆ. ಅದರ ಮುಂದಿನ ಎಲ್‌ಟಿಎಸ್ 4.5, 2025ರ ಜುಲೈಯದು, ತಿದ್ದುಪಡಿಗಳು 2027ರ ಜುಲೈವರೆಗೆ ಸಿಗುತ್ತವೆ. ನಡುವಿನ 4.3ರಲ್ಲಿ ಗ್ರೀಸ್ ಪೆನ್ಸಿಲನ್ನು ಬುಡದಿಂದ ಹೊಸದಾಗಿ ಬರೆದರು, 4.4ರಲ್ಲಿ ಆ್ಯಕ್ಷನ್‌ಗಳ (ಚಲನೆಯನ್ನು ದಾಖಲಿಸಿಡುವ ಕಟ್ಟುಗಳ) ರಚನೆ ಬದಲಾಯಿತು. ಈ ಎರಡಕ್ಕಾಗಿಯೇ ಆವೃತ್ತಿ ಬದಲಾಯಿಸಬೇಕು. ಆದರೆ ಅರ್ಧ ಮುಗಿದ ಪ್ರಸಂಗವನ್ನು ಮಾತ್ರ ಹಳೆಯದರಲ್ಲೇ ಮುಗಿಸಿ.

ಮೊದಲು ಲೇಯರ್ ಗ್ರೂಪ್, ಎಂದರೆ ಚಿತ್ರದ ಪದರಗಳ ಗುಂಪು. ಕೇದಗೆ ಮುಂದಲೆಯ (ಬಟ್ಟೆ ಸುತ್ತಿ ಕಟ್ಟುವ ತಲೆಯುಡುಗೆಯ) ವೇಷ ಬರೆದವರಿಗೆ ಇದರ ಬೆಲೆ ಗೊತ್ತು. ಕಣ್ಣು, ಹುಬ್ಬು, ಮೀಸೆ, ತುಟಿ, ನಾಮ, ಮುಂದಲೆಯ ಕಪ್ಪು ಬಟ್ಟೆ, ಅದರ ಮೇಲಿನ ಜರಿಯ ಸುತ್ತು ಎಂದು ತಲೆಯೊಂದಕ್ಕೇ ಏಳೆಂಟು ಲೇಯರ್. ಭುಜಕೀರ್ತಿ, ಎದೆಕಟ್ಟು, ಕಸೆ ಸೀರೆ, ಗೆಜ್ಜೆ ಸೇರಿದರೆ ಇಪ್ಪತ್ತು ದಾಟುತ್ತದೆ. 4.2ರಲ್ಲಿ ಇವೆಲ್ಲ ಒಂದೇ ಉದ್ದ ಪಟ್ಟಿ. ಸೀರೆ ತಿದ್ದುವಾಗ ತಲೆಯನ್ನು ಮರೆಮಾಡಬೇಕೆಂದರೆ ಲೇಯರ್ ಹೆಸರಿನ ಪಕ್ಕದ ಕಣ್ಣಿನ ಗುರುತನ್ನು ಎಂಟು ಸಲ ಒತ್ತಬೇಕು. ಈಗ ‘ತಲೆ’ ಎಂಬ ಗ್ರೂಪ್ ಮಾಡಿ ಲೇಯರ್‌ಗಳನ್ನು ಅದರೊಳಗೆ ಎಳೆದು ಹಾಕಿದರೆ ಒಂದೇ ಒತ್ತಿಗೆ ಮರೆ, ಒಂದೇ ಒತ್ತಿಗೆ ಬೀಗ. ಗ್ರೂಪಿನೊಳಗೆ ಗ್ರೂಪೂ ಆಗುತ್ತದೆ. ಲೇಯರ್‌ಗಳಿಗೆ ಹೆಸರು ಕೊಡದೆ ಬಿಡುವ ಚಾಳಿ ಇದ್ದವರಿಗೆ ಮಾತ್ರ ಇದರಿಂದ ಏನೂ ಉಪಕಾರವಿಲ್ಲ.

ಬ್ರಷ್‌ಗಳ ವಿಷಯದಲ್ಲಿ ಮೊದಲ ವಾರ ಸಿಟ್ಟು ಬರುವುದು ಖಂಡಿತ. ಅವು ಈಗ ಅಸೆಟ್‌ಗಳು, ಎಂದರೆ ಎಲ್ಲ ಫೈಲ್‌ಗಳಿಗೂ ಸಿಗುವ ಸಾಮಗ್ರಿಗಳು, ಪರದೆಯ ಕೆಳಗಿನ ಪಟ್ಟಿಯಲ್ಲಿರುತ್ತವೆ. ಜೊತೆಗೆ ಬಂದ ಇಂಕ್ ಬ್ರಷ್ಷಿನ ದಪ್ಪ, ಒತ್ತಡ ಎಲ್ಲ ಹೊಂದಿಸಿ ಫೈಲ್ ಸೇವ್ ಮಾಡಿ ಹೋದರೆ ಮರುದಿನ ಹೊಂದಿಕೆ ಮಾಯ, ಏಕೆಂದರೆ ಬ್ರಷ್ ಈಗ ನಿಮ್ಮ ಫೈಲಿನೊಳಗೆ ಇಲ್ಲ. ಮೊದಲು ಆ ಬ್ರಷ್ಷನ್ನು ‘ಡೂಪ್ಲಿಕೇಟ್ ಅಸೆಟ್’ ಮಾಡಿ, ಹೆಸರಿಟ್ಟು, ಆಮೇಲೆ ತಿದ್ದಿ ಸೇವ್ ಮಾಡಬೇಕು. ಒಮ್ಮೆ ಮಾಡಿಟ್ಟರೆ ಎಲ್ಲ ಫೈಲ್‌ಗಳಲ್ಲೂ ಸಿಗುತ್ತದೆ. ಪೆನ್ ಟ್ಯಾಬ್ಲೆಟ್ ಒತ್ತಡವನ್ನೇ ತೋರಿಸದಿದ್ದರೆ ಬ್ರಷ್ಷನ್ನು ಬೈಯುವ ಮೊದಲು ಪ್ರಿಫರೆನ್ಸಸ್‌ನ ಇನ್‌ಪುಟ್ ವಿಭಾಗದಲ್ಲಿ ಟ್ಯಾಬ್ಲೆಟ್ ಎಪಿಐ (ಪೆನ್ನಿನ ಒತ್ತಡವನ್ನು ಓದುವ ದಾರಿ) ಅನ್ನು ವಿಂಡೋಸ್ ಇಂಕ್‌ನಿಂದ ವಿನ್‌ಟ್ಯಾಬ್‌ಗೆ, ಅಥವಾ ತಿರುಗಾಮುರುಗಾ ಬದಲಿಸಿ ನೋಡಿ.

ಹಳೆಯ ಫೈಲ್ ತೆರೆದರೆ ಚಿತ್ರಗಳು ತಾವಾಗಿಯೇ ಹೊಸ ರೂಪಕ್ಕೆ ಬರುತ್ತವೆ, ಆದರೆ ಹಿಂದಿರುಗಲು ದಾರಿಯಿಲ್ಲ. 4.5ರಲ್ಲಿ ಸೇವ್ ಮಾಡಿದ ಗ್ರೀಸ್ ಪೆನ್ಸಿಲ್ ಚಿತ್ರ 4.2ರಲ್ಲಿ ಸಿಗುವುದಿಲ್ಲ. ಹಾಗಾಗಿ ಫೈಲಿನ ಹೆಸರು ಬದಲಿಸಿಯೇ ಸೇವ್ ಮಾಡಿ. ಗೆರೆಯ ದಪ್ಪಕ್ಕೆ ಇದ್ದ ‘ಸ್ಕ್ರೀನ್ ಸ್ಪೇಸ್’ ಆಯ್ಕೆ ಈಗಿಲ್ಲ. ಅದನ್ನು ನಂಬಿ ಬರೆದ ವೇಷ, ಕ್ಯಾಮೆರಾ ಹಿಂದೆ ಸರಿದಂತೆ ಗೆರೆ ತೆಳುವಾಗಿ ಬಡಕಲಾಗಿ ಕಾಣುತ್ತದೆ. ಗ್ರೀಸ್ ಪೆನ್ಸಿಲ್ ಮುಟ್ಟುವ ಹಳೆಯ ಆ್ಯಡ್‌ಆನ್‌ಗಳೂ ಕೈಕೊಡುತ್ತವೆ. ಇನ್‌ಸ್ಟಾಲರ್ ಬದಲು ಜಿಪ್ ಇಳಿಸಿ ಬೇರೆ ಫೋಲ್ಡರಿನಲ್ಲಿ ಬಿಚ್ಚಿಟ್ಟರೆ ಎರಡೂ ಆವೃತ್ತಿ ಜಗಳವಿಲ್ಲದೆ ಒಟ್ಟಿಗೆ ಇರುತ್ತವೆ.

4.4ರ ಸ್ಲಾಟ್ (ಒಂದು ಆ್ಯಕ್ಷನ್ನಿನೊಳಗಿನ ಖಾನೆ) ವ್ಯವಸ್ಥೆ ಮೊದಲು ಗೊಂದಲ ಅನ್ನಿಸಿದರೂ ಒಳ್ಳೆಯ ಕೆಲಸ. ಮುಂಚೆ ಒಂದು ಧಿಗಿಣ (ಸುತ್ತು ಹಾರುವ ಕುಣಿತ) ಹಾರಿಸಿದರೆ ಇಡೀ ವೇಷದ ಚಲನೆ ಒಂದು ಆ್ಯಕ್ಷನ್, ಲೇಯರಿನ ಮಸುಕು ಇನ್ನೊಂದು, ಬಣ್ಣದ ಬದಲಾವಣೆ ಮತ್ತೊಂದು. ಈಗ ಮೂರೂ ಒಂದೇ ಆ್ಯಕ್ಷನ್ನಿನ ಮೂರು ಸ್ಲಾಟ್. ಹಳೆಯ ಫೈಲಿನವು ‘ಲೆಗಸಿ ಸ್ಲಾಟ್’ ಎಂಬ ಹೆಸರಲ್ಲಿ ಬರುತ್ತವೆ, ಹೆದರಬೇಡಿ. ಎಡವುವುದು ಇಲ್ಲಿ: ಹಲವು ಸ್ಲಾಟ್ ಇರುವ ಆ್ಯಕ್ಷನ್ನನ್ನು ಬೇರೆ ಹೆಸರಿನ ವೇಷಕ್ಕೆ ಕೊಟ್ಟಾಗ ವೇಷ ಕಂಬದ ಹಾಗೆ ನಿಂತರೆ, ಸ್ಲಾಟ್ ಆಯ್ಕೆ ಆಗಿಲ್ಲ ಎಂದರ್ಥ. ಆ್ಯಕ್ಷನ್ ಹೆಸರಿನ ಪಕ್ಕದ ಪಟ್ಟಿಯಿಂದ ಕೈಯಾರೆ ಆರಿಸಿ.

ತಾಳಕ್ಕೆ ಹೆಜ್ಜೆ ಕೂಡಿಸುವ ಲೆಕ್ಕ ಯಾವ ಆವೃತ್ತಿಯಲ್ಲೂ ಒಂದೇ, ಆದರೂ ಅತಿ ಹೆಚ್ಚು ತಪ್ಪು ನಡೆಯುವುದು ಅಲ್ಲೇ. ನಿಮಿಷಕ್ಕೆ 120 ಪೆಟ್ಟಿದ್ದರೆ ಸೆಕೆಂಡಿಗೆ 24 ಫ್ರೇಮಿನಲ್ಲಿ ಪೆಟ್ಟಿಗೆ ಸರಿಯಾಗಿ 12 ಫ್ರೇಮ್, 96 ಇದ್ದರೆ 15. ನಿಮಿಷಕ್ಕೆ 100 ಆದರೆ 14.4 ಬರುತ್ತದೆ. ಅದನ್ನು 14 ಎಂದು ಹಿಡಿದರೆ ಹತ್ತು ಪೆಟ್ಟಿಗೆ ಗೆಜ್ಜೆ ನಾಲ್ಕು ಫ್ರೇಮ್ ಮುಂದೆ ಓಡಿರುತ್ತದೆ, ನೋಡುವವರಿಗೆ ತಾಳ ತಪ್ಪಿದ್ದು ಗೊತ್ತಾಗುತ್ತದೆ. ಅಂಥ ಪದ್ಯಕ್ಕೆ ಶುರುವಿನಲ್ಲೇ 25 ಫ್ರೇಮ್ ಇಟ್ಟರೆ ಪೆಟ್ಟಿಗೆ 15. ಇನ್ನು ಕಾಲ ಏರುತ್ತ ಹೋಗುವ ಕಡೆ, ಬಿಡ್ತಿಗೆ (ಚಂಡೆ, ಮದ್ದಳೆಯ ನುಡಿತದ ಭಾಗ) ಬರುವ ಕಡೆ ಈ ಲೆಕ್ಕ ನಡೆಯುವುದಿಲ್ಲ. ಪ್ಲೇಬ್ಯಾಕನ್ನು ‘ಸಿಂಕ್ ಟು ಆಡಿಯೊ’ಗೆ ಇಟ್ಟು, ಟೈಮ್‌ಲೈನ್ ಮೇಲೆ ಮೌಸ್ ಇರಿಸಿಕೊಂಡು, ಚಂಡೆಯ ಪೆಟ್ಟಿಗೆ ಸರಿಯಾಗಿ ‘ಎಂ’ ಕೀಲಿ ಒತ್ತುತ್ತ ಹೋಗಿ. ಪೆಟ್ಟಿಗೊಂದು ಗುರುತು ಬೀಳುತ್ತದೆ, ಮೂರು ನಿಮಿಷದ ಪದ್ಯಕ್ಕೆ ಹತ್ತು ನಿಮಿಷದ ಕೆಲಸ.

ಬಣ್ಣ ತುಂಬುವ ಫಿಲ್ ಉಪಕರಣ ಕಸೆ ಸೀರೆಯ ಚೌಕಳಿಗಳಲ್ಲಿ ಸೋರಿದರೆ ಗೆರೆ ಎಲ್ಲೋ ಕೂಡಿಲ್ಲ. ‘ಗ್ಯಾಪ್ ಕ್ಲೋಷರ್’ ಅಳತೆಯನ್ನು ಸ್ವಲ್ಪ ಸ್ವಲ್ಪವೇ ಏರಿಸಿ. ವಲ್ಕನ್ ಎಂಬ ಹೊಸ ಗ್ರಾಫಿಕ್ಸ್ ಬ್ಯಾಕೆಂಡ್ (ಪರದೆಯ ಮೇಲೆ ಚಿತ್ರ ಮೂಡಿಸುವ ವ್ಯವಸ್ಥೆ) ಕೂಡ ಬಂದಿದೆ, ವೇಷ ಬರೆಯುವವರಿಗೆ ಸದ್ಯ ಹಳೆಯ ಓಪನ್‌ಜಿಎಲ್ಲೇ ಸಾಕು.

ಕಾರವಾರದ ಮಳೆಗಾಲದಲ್ಲಿ ಕರೆಂಟು ಹೇಳಿ ಹೋಗುವುದಿಲ್ಲವಲ್ಲ, ಆದ್ದರಿಂದ ರೆಂಡರನ್ನು (ಅಂತಿಮ ಚಿತ್ರ ಮೂಡಿಸುವುದನ್ನು) ನೇರ ಎಂಪಿ4ಗೆ ಕೊಡಬೇಡಿ. ನಡುವೆ ನಿಂತರೆ ಫೈಲೇ ತೆರೆಯುವುದಿಲ್ಲ. ಪಿಎನ್‌ಜಿ ಚಿತ್ರಗಳಾಗಿ ಕೊಡಿ: 24 ಫ್ರೇಮಿನ ಲೆಕ್ಕದಲ್ಲಿ ನಿಮಿಷಕ್ಕೆ 1440 ಫೈಲ್. ಔಟ್‌ಪುಟ್‌ನಲ್ಲಿ ‘ಓವರ್‌ರೈಟ್’ ತೆಗೆದಿಟ್ಟರೆ ಕರೆಂಟು ಬಂದ ಮೇಲೆ ಉಳಿದ ಫ್ರೇಮ್ ಮಾತ್ರ ರೆಂಡರ್ ಆಗುತ್ತವೆ. ಹೋಗುವಾಗ ಬರೆಯುತ್ತಿದ್ದ ಕೊನೆಯ ಚಿತ್ರ ಅರ್ಧವಾಗಿರಬಹುದು, ಅದೊಂದನ್ನು ಅಳಿಸಿ ಶುರುಮಾಡಿ. ಆಮೇಲೆ ಬ್ಲೆಂಡರ್‌ನದೇ ಸೀಕ್ವೆನ್ಸರಿನಲ್ಲಿ ಹಾಡಿನ ಜೊತೆ ಸೇರಿಸಿ ಎಂಪಿ4 ಮಾಡಿದರಾಯಿತು.

ನಮಗೆ ಬೇಸರ ತರಿಸುವ ಕೊರತೆ ಕನ್ನಡ ಅಕ್ಷರದ್ದು, ಅದು 4.5ರಲ್ಲೂ ಹಾಗೇ ಇದೆ. ಟೆಕ್ಸ್ಟ್ ಆಬ್ಜೆಕ್ಟಿನಲ್ಲಿ ‘ಯಕ್ಷಗಾನ’ ಎಂದು ಬರೆದರೆ ‘ಷ’ ಒತ್ತು ಕೆಳಗಿಳಿಯದೆ ‘ಕ್’ ಪಕ್ಕದಲ್ಲಿ ಬೇರೆಯಾಗಿ ಕೂರುತ್ತದೆ. ಶೀರ್ಷಿಕೆಯನ್ನು ಇಂಕ್‌ಸ್ಕೇಪಿನಲ್ಲಿ ಟೈಪ್ ಮಾಡಿ, ಪಾತ್ ಮೆನುವಿನ ‘ಆಬ್ಜೆಕ್ಟ್ ಟು ಪಾತ್’ ಕೊಟ್ಟು, ಎಸ್‌ವಿಜಿಯಾಗಿ ಉಳಿಸಿ ತನ್ನಿ. ತರುವಾಗ ‘ಎಸ್‌ವಿಜಿ ಆ್ಯಸ್ ಗ್ರೀಸ್ ಪೆನ್ಸಿಲ್’ ಬೇಡ, ಅಕ್ಷರದೊಳಗಿನ ತೂತೆಲ್ಲ ಮುಚ್ಚಿ ‘ಠ’ ಕರಿ ಉಂಡೆಯಾಗುತ್ತದೆ. ಅದೇ ಮೆನುವಿನಲ್ಲಿರುವ ಸಾದಾ ಎಸ್‌ವಿಜಿ ಇಂಪೋರ್ಟ್ ಕರ್ವ್ ಆಗಿ ತರುತ್ತದೆ, ತೂತು ತೂತಾಗಿಯೇ ಉಳಿಯುತ್ತದೆ. ಬಂದದ್ದು ಕಾಣದಿದ್ದರೆ ಬಂದಿಲ್ಲ ಎಂದುಕೊಳ್ಳಬೇಡಿ, ಇರುವೆ ಗಾತ್ರದಲ್ಲಿ ನಡುವೆ ಬಿದ್ದಿರುತ್ತದೆ. ಔಟ್‌ಲೈನರಿನಲ್ಲಿ ಆರಿಸಿ, ಪರದೆಯ ಮೇಲೆ ಮೌಸ್ ಇಟ್ಟು ನಂಬರ್ ಪ್ಯಾಡಿನ ಚುಕ್ಕಿ ಒತ್ತಿದರೆ ಕಣ್ಣೆದುರು ಬರುತ್ತದೆ. ಆಮೇಲೆ ‘ಎಸ್’ ಒತ್ತಿ ಬೇಕಾದಷ್ಟು ಹಿಗ್ಗಿಸಿಕೊಳ್ಳಿ.