ಮಾಡೆಲ್ ಕಿಟ್‌ಗೆ ಕಾರಿನ ಪ್ರೈಮರ್ ಹೊಡೆಯೋ ಮುಂಚೆ ಇದನ್ನೊಮ್ಮೆ ಓದಿ

ಪ್ಲಾಸ್ಟಿಕ್ ಮಾಡೆಲ್ ಜೋಡಿಸಿ ಬಣ್ಣ ಹಚ್ಚೋ ಹವ್ಯಾಸ ಈಗಷ್ಟೇ ಹಿಡಿದವರಿಗೆ ಒಂದು ಮಾತು. ಪೇಂಟ್ ಅಂಗಡಿಯಲ್ಲಿ ‘ಎಲ್ಲದಕ್ಕೂ ನಡೀತದ’ ಅಂತ ಕೊಡುವ ಪ್ರೈಮರ್ (ಬಣ್ಣಕ್ಕೂ ಮುಂಚೆ ಹಚ್ಚುವ ಮೊದಲ ಪದರ) ಸ್ಪ್ರೇ ಡಬ್ಬಿಯನ್ನು ಸೀದಾ ಕಿಟ್ ಮೇಲೆ ಹೊಡೆಯಬೇಡಿ.

ನಾನಿರೋದು ಬೀದರಿನಲ್ಲಿ. ಏರ್‌ಫೋರ್ಸ್ ಸ್ಟೇಷನ್ ಇರುವ ಊರು, ತಲೆ ಮೇಲೆ ಹಾಕ್ ಅನ್ನೋ ತರಬೇತಿ ಜೆಟ್ ವಿಮಾನಗಳ ಸದ್ದು ನಮಗೆ ಹೊಸದಲ್ಲ. ಆಕಾಶದಲ್ಲಿ ಕಸರತ್ತು ತೋರಿಸುವ ವಾಯುಪಡೆಯ ಸೂರ್ಯಕಿರಣ್ ತಂಡ ಕೂಡ ಇಲ್ಲಿಯದೇ. 1996ರಲ್ಲಿ ಕಿರಣ್ ವಿಮಾನಗಳಲ್ಲಿ ಶುರುವಾದ ತಂಡ ಈಗ ಹಾಕ್‌ನಲ್ಲಿ ಹಾರುತ್ತದೆ. ಅದೇ ಕೆಂಪು-ಬಿಳಿ ಬಣ್ಣದಲ್ಲಿ ಮಾಡೋಣ ಅಂತ 1/72 ಅಳತೆಯ (ನಿಜದ ವಿಮಾನದ 72ನೇ ಒಂದು ಪಾಲು ಉದ್ದದ) ಹಾಕ್ ಕಿಟ್ ತರಿಸಿದ್ದೆ. ಜೋಡಿಸಿದ ಮೇಲೂ ಗೇಣುದ್ದ ಆಗಲ್ಲ. ರೆಕ್ಕೆ ಮೇಲಿನ ಗೆರೆಗಳು ಕೂದಲಿನಷ್ಟು ಸಣ್ಣ.

ಪೇಂಟ್ ಅಂಗಡಿಗೆ ರೆಕ್ಕೆಯನ್ನೇ ಒಯ್ದು ತೋರಿಸಿ, ಈ ಪ್ರೈಮರ್ ಸ್ಪ್ರೇ ಇದಕ್ಕೆ ಆಗುತ್ತಾ ಅಂತ ಕೇಳಿದೆ. ‘ಏನೂ ಆಗಂಗಿಲ್ಲ ಸರ್, ಪ್ಲಾಸ್ಟಿಕ್, ಕಬ್ಬಿಣ ಎಲ್ಲಾದಕ್ಕೂ ನಡೀತದ, ತಗೋರಿ’ ಅಂದರು. ಹೊಡೆದ ಸ್ವಲ್ಪ ಹೊತ್ತಿಗೇ ರೆಕ್ಕೆ ಮೇಲೆ ಸುಕ್ಕು ಎದ್ದಿತು. ಗೆರೆಗಳು ಮುಚ್ಚಿಹೋದವು. ಹಿಡಿದ ಕಡೆ ಬೆರಳಿನ ಗುರುತು ಪ್ಲಾಸ್ಟಿಕ್ಕಿನಲ್ಲೇ ಇಳಿದಿತ್ತು. ಆಮೇಲೆ ಡಬ್ಬಿ ಮೇಲಿನ ಬೆಲೆಯ ಸ್ಟಿಕರ್ ಉಗುರಿನಿಂದ ಕಿತ್ತರೆ, ಕೆಳಗೆ ಕಾರಿನ ಹೊರಮೈಗೆ, ಲೋಹಕ್ಕೆ ಅಂತ ಸಣ್ಣಕ್ಷರದಲ್ಲಿ ಬರೆದಿತ್ತು!

ವಾಪಸ್ ಹೋದರೆ ‘ಸೀಲ್ ತೆಗೆದ ಮ್ಯಾಲ ಹೆಂಗ ತಗೋಬೇಕ್ರಿ? ಎನ್‌ಸಿ ತಿನ್ನರ್‌ಲೇ ಒರೆಸ್ರಿ, ಹೋಗ್ತದ’ ಅಂತ, ಪೇಂಟ್ ತೆಳು ಮಾಡುವ ಆ ದ್ರಾವಕಕ್ಕೂ ದುಡ್ಡು ತಗೊಂಡರು. ಬಾಲದ ತುಂಡಿನ ಮೇಲೆ ತಿನ್ನರ್ ಹಚ್ಚಿದ ಹತ್ತಿ ಆಡಿಸಿದೆ. ಬಣ್ಣದ ಜೊತೆ ಪ್ಲಾಸ್ಟಿಕ್ಕೂ ಎಳೆ ಎಳೆಯಾಗಿ ಹತ್ತಿಗೆ ಅಂಟಿಕೊಂಡು ಬಂತು.

ಕಾರಣ ಸರಳ. ಕಿಟ್‌ನ ಪ್ಲಾಸ್ಟಿಕ್ ಪಾಲಿಸ್ಟೈರೀನ್. ಕಾರಿನ ಸ್ಪ್ರೇ, ಎನ್‌ಸಿ ತಿನ್ನರ್‌ಗಳಲ್ಲಿ ಸಾಮಾನ್ಯವಾಗಿ ಇರುವ ಟೊಲ್ಯೂಯಿನ್, ಅಸಿಟೋನ್ ಅದನ್ನು ಕರಗಿಸುತ್ತವೆ. ಥರ್ಮಾಕೋಲ್ ಕೂಡ ಪಾಲಿಸ್ಟೈರೀನೇ. ಅದರ ಮೇಲೆ ಒಂದು ಹನಿ ತಿನ್ನರ್ ಬಿಟ್ಟು ನೋಡಿ, ತೂತು ಬೀಳುತ್ತದೆ. ಬಕೆಟ್, ಕುರ್ಚಿಗಳದ್ದು ಬೇರೆ ಜಾತಿಯ ಪ್ಲಾಸ್ಟಿಕ್, ಅವಕ್ಕೆ ಹಾಗಾಗಲ್ಲ. ಅಂಗಡಿಯವರು ದಿನಾ ನೋಡೋದು ಅವನ್ನೇ ಅಲ್ವಾ?

ಟಾಮಿಯಾದಂಥ ಮಾಡೆಲ್ ಕಂಪನಿಗಳ ಸ್ಪ್ರೇಯಲ್ಲೂ ದ್ರಾವಕ ಇರುತ್ತದೆ. ಆದರೆ ಅದನ್ನು ಈ ಪ್ಲಾಸ್ಟಿಕ್‌ಗೆಂದೇ ಹದ ಮಾಡಿರುತ್ತಾರೆ. ಅದನ್ನೂ 20-25 ಸೆಂಟಿಮೀಟರ್ ದೂರದಿಂದ ತೆಳ್ಳಗೆ, ಬಿಟ್ಟು ಬಿಟ್ಟು ಹೊಡೆಯಬೇಕು. ಸ್ಪ್ರೇ ಬೇಡ ಅಂದರೆ ನೀರಿನಿಂದ ತೆಳು ಮಾಡುವ ಅಕ್ರಿಲಿಕ್ ಪ್ರೈಮರ್ ಬಾಟಲಿಯಲ್ಲಿ ಬರುತ್ತದೆ, ಬ್ರಷ್‌ನಲ್ಲಿ ಹಚ್ಚಬಹುದು. ಯಾವುದೇ ತಂದರೂ ಮೊದಲು ತುಂಡುಗಳು ಅಂಟಿಕೊಂಡು ಬರುವ ಚೌಕಟ್ಟಿನ ಮೇಲೆ ಹಚ್ಚಿ, ಒಂದು ದಿನ ಬಿಟ್ಟು, ಉಗುರಿನಿಂದ ಗೀರಿ ನೋಡಿ. ಚೌಕಟ್ಟು ಹೇಗೂ ಎಸೆಯೋದೇ.

ನಮ್ಮ ಕಡೆಯ ಬಿಸಿಲು ಇನ್ನೊಂದು ತಲೆನೋವು. ಮೇ ತಿಂಗಳ ಮಧ್ಯಾಹ್ನ ಹೊಡೆದರೆ ಬಣ್ಣದ ಹನಿ ಗಾಳಿಯಲ್ಲೇ ಒಣಗಿ ರವೆಯ ಹಾಗೆ ಕೂರುತ್ತದೆ. ಬೆಳಿಗ್ಗೆ ಬೇಗ ಮುಗಿಸಿ. ಡಬ್ಬಿಯನ್ನು ಬೈಕಿನ ಬಾಕ್ಸಿನಲ್ಲಿ ಬಿಸಿಲಿಗೆ ಬಿಡಬೇಡಿ, 50 ಡಿಗ್ರಿ ದಾಟಬಾರದು ಅಂತ ಅದರ ಮೇಲೇ ಇರುತ್ತದೆ.

ಬಣ್ಣ ಮುಗಿದ ಮೇಲೆ ಮಾಡೆಲ್ ಹಳೆಯದಾದ ಹಾಗೆ ಕಾಣಲಿ ಅಂತ ಆಯಿಲ್ ಕಲರ್‌ಗೆ ಟರ್ಪೆಂಟೈನ್ ಬೆರೆಸಿ ಗೆರೆಗಳಿಗೆ ಬಿಡುತ್ತಾರೆ. ಬಣ್ಣದ ಮೇಲೆ ಮೊದಲು ಹೊಳಪಿನ ಅಕ್ರಿಲಿಕ್ ವಾರ್ನಿಷ್ ಹಾಕಿ, ಅದು ಪೂರ್ತಿ ಒಣಗಿದ ಮೇಲೆ ಇದು. ಇಲ್ಲದಿದ್ದರೆ ಟರ್ಪೆಂಟೈನ್ ಜೋಡಣೆಯ ಸಂದಿಗೆ ಇಳಿದು ಪ್ಲಾಸ್ಟಿಕ್ ಬಿರುಕು ಬಿಡಬಹುದು. ಸೂರ್ಯಕಿರಣ್ ಮಾಡುವವರು ಇದನ್ನು ಕಮ್ಮಿಯೇ ಮಾಡಿ. ಯಾಕಂದರೆ ಆ ತಂಡದ ವಿಮಾನಗಳನ್ನು ತೊಳೆದು ಒರೆಸಿ ಫಳಫಳ ಅನ್ನೋ ಹಾಗೆ ಇಟ್ಟಿರುತ್ತಾರೆ.