ಅಯಸ್ಕಾಂತವನ್ನೂ ಕಣ್ಣನ್ನೂ ನಂಬಿ ಉಲ್ಕಾಶಿಲೆ ಕೊಂಡವನ ಎಚ್ಚರಿಕೆ

ನಾನು ಪಾಠ ಹೇಳುವ ಕಾಲೇಜಿನ ಭೂವಿಜ್ಞಾನ ಸಂಗ್ರಹಕ್ಕೆಂದು ಕಳೆದ ವರ್ಷ ಆನ್‌ಲೈನ್ ವ್ಯಾಪಾರಿಯೊಬ್ಬರಿಂದ 11 ಗ್ರಾಂ ತೂಕದ ಉಲ್ಕಾಶಿಲೆಯ ಬಿಲ್ಲೆಯೊಂದನ್ನು ತರಿಸಿದೆ. ಚೀಟಿಯಲ್ಲಿ ‘ವಾಯವ್ಯ ಆಫ್ರಿಕಾ, ಎಲ್‌ಎಲ್3’ ಎಂದು ಬರೆದಿತ್ತು. ಇದರಲ್ಲಿ ಅಕ್ಷರ ಗುಂಪನ್ನು ಹೇಳುತ್ತದೆ: ಲೋಹ ಹೆಚ್ಚಿದ್ದರೆ ಎಚ್, ಕಡಿಮೆ ಇದ್ದರೆ ಎಲ್, ತೀರಾ ಕಡಿಮೆ ಇದ್ದರೆ ಎಲ್‌ಎಲ್; ಅಂಕಿ 3ರಿಂದ ಮೇಲಕ್ಕೆ ಹೋದಷ್ಟೂ ಕಲ್ಲು ಹೆಚ್ಚು ಬೆಂದಿದೆ ಎಂದರ್ಥ. ಮೊಹರು ಒತ್ತಿದ ಪ್ರಮಾಣಪತ್ರವೂ ಜೊತೆಗಿತ್ತು. ಕಲ್ಲು ಉಲ್ಕಾಶಿಲೆಯೇ ಹೌದು, ಅದರಲ್ಲಿ ಮೋಸವಿರಲಿಲ್ಲ. ಆದರೆ ಚೀಟಿಯಲ್ಲಿದ್ದ ಅಕ್ಷರವೂ ತಪ್ಪು, ಅಂಕಿಯೂ ತಪ್ಪು ಎಂಬುದು ಹಣ ಕೊಟ್ಟು ಎಂಟು ತಿಂಗಳಾದ ಮೇಲೆ ತಿಳಿಯಿತು. ಅಪರೂಪದ ದರ್ಜೆಯ ಬೆಲೆ ತೆತ್ತು ತೀರಾ ಸಾಮಾನ್ಯವಾದುದನ್ನು ತಂದಿದ್ದೆ.

ವ್ಯಾಪಾರಿಯನ್ನಷ್ಟೇ ದೂರಿ ಪ್ರಯೋಜನವಿಲ್ಲ, ಏಕೆಂದರೆ ಕಲ್ಲು ಕೈಗೆ ಬಂದ ದಿನವೇ ನಾನೂ ‘ಪರೀಕ್ಷಿಸಿ’ ಒಪ್ಪಿಕೊಂಡಿದ್ದೆ. ದಾರಕ್ಕೆ ಕಟ್ಟಿದ ನಿಯೋಡೈಮಿಯಂ ಅಯಸ್ಕಾಂತವನ್ನು ಹತ್ತಿರ ಹಿಡಿದಾಗ ಸೆಳೆತ ದುರ್ಬಲವಾಗಿತ್ತು. ಲೋಹ ಕಡಿಮೆ ಇದೆ, ಆದ್ದರಿಂದ ಎಲ್‌ಎಲ್ ಗುಂಪೇ ಇರಬೇಕು ಎಂದುಕೊಂಡೆ. ಮರುಭೂಮಿಯಲ್ಲಿ ಬಹುಕಾಲ ಬಿದ್ದಿದ್ದ ಕಲ್ಲಿನಲ್ಲಿ ಲೋಹ ತುಕ್ಕಾಗಿ ಹೋಗಿರುತ್ತದೆ ಎಂಬುದು ನನಗೆ ಹೊಳೆಯಲೇ ಇಲ್ಲ. ಸವಕಳಿಯ ಮಾಪನದಲ್ಲಿ ಡಬ್ಲ್ಯು3 ಎಂದರೆ ಲೋಹ ಮತ್ತು ಕಬ್ಬಿಣ-ಗಂಧಕದ ಖನಿಜವಾದ ಟ್ರಾಯ್ಲೈಟ್‌ನ ಶೇಕಡಾ 60ರಿಂದ 95ರಷ್ಟು ಆಕ್ಸೈಡ್ ಆಗಿದೆ ಎಂದರ್ಥ; ಅಂಥ ಸ್ಥಿತಿಯಲ್ಲಿ ಲೋಹಸಮೃದ್ಧವಾದ ಎಚ್ ಗುಂಪಿನ ಕಲ್ಲು ಕೂಡ ಅಯಸ್ಕಾಂತದ ಮುಂದೆ ಎಲ್‌ಎಲ್‌ನಂತೆಯೇ ನಟಿಸುತ್ತದೆ. ಅದು ಸಾಲದೆಂಬಂತೆ, ಬಲವಾದ ಅಯಸ್ಕಾಂತ ಸೋಕಿದರೆ ಶಿಲೆಯಲ್ಲಿ ಉಳಿದಿರಬಹುದಾದ ಪ್ರಾಚೀನ ಕಾಂತೀಯ ದಾಖಲೆಯೂ ಅಳಿಸಿಹೋಗುತ್ತದೆ.

ಗುಂಪನ್ನು ತೀರ್ಮಾನಿಸಬೇಕಾದದ್ದು ಖನಿಜಗಳ ಸಂಯೋಜನೆಯಿಂದ. ಆಲಿವೀನ್ ಎಂಬ ಸಿಲಿಕೇಟ್ ಖನಿಜದಲ್ಲಿ ಫಯಲೈಟ್ ಎಂಬ ಕಬ್ಬಿಣಯುಕ್ತ ಅಂಶ ಸುಮಾರು 16–20 ಮೋಲ್ ಶೇಕಡಾ ಇದ್ದರೆ ಎಚ್, 22–26 ಇದ್ದರೆ ಎಲ್, 27–32 ಇದ್ದರೆ ಎಲ್‌ಎಲ್. ಈ ಸಿಲಿಕೇಟ್‌ಗಳು ಲೋಹದಷ್ಟು ಬೇಗ ಕೆಡುವುದಿಲ್ಲ. ಪರಿಚಿತರ ನೆರವಿನಿಂದ ಎಲೆಕ್ಟ್ರಾನ್ ಮೈಕ್ರೋಪ್ರೋಬ್‌ನಲ್ಲಿ ನಲವತ್ತು ಹರಳುಗಳನ್ನು ಅಳೆದಾಗ ಸರಾಸರಿ 18.6 ಬಂತು, ಯಾವ ಹರಳೂ ಅದರಿಂದ ಹೆಚ್ಚು ದೂರ ಸರಿದಿರಲಿಲ್ಲ. ಆ ಒಂದು ಫಲಿತಾಂಶ ಅಕ್ಷರವನ್ನು ಬದಲಿಸಿತು, ಅಂಕಿಯನ್ನೂ ಕೆಡವಿತು. 3ನೇ ದರ್ಜೆಯ ಕಲ್ಲಿನಲ್ಲಿ ಆಲಿವೀನ್‌ನ ಸಂಯೋಜನೆ ಹರಳಿನಿಂದ ಹರಳಿಗೆ ಬದಲಾಗುತ್ತಿರಬೇಕು.

ಅಂಕಿಯ ವಿಷಯದಲ್ಲಿ ನನ್ನನ್ನು ಮೋಸಗೊಳಿಸಿದ್ದು ಕಣ್ಣು. ಬಿಲ್ಲೆಯ ಮೇಲೆ ಒಮ್ಮೆ ಕರಗಿ ಗಟ್ಟಿಯಾದ ಹನಿಗಳಾದ, ಸಾಸಿವೆ ಕಾಳಿನಂಥ ಕಾಂಡ್ರೂಲ್‌ಗಳು ದುಂಡಗೆ, ಸ್ಪಷ್ಟವಾಗಿ ಕಾಣುತ್ತಿದ್ದವು. ಹಾಗಿದ್ದರೆ ಹೆಚ್ಚು ಬೇಯದ ಕಲ್ಲು ಎಂದು ಭಾವಿಸಿದೆ. ವ್ಯಾನ್ ಶ್ಮೂಸ್ ಮತ್ತು ವುಡ್ 1967ರಲ್ಲಿ ರೂಪಿಸಿದ ವರ್ಗೀಕರಣದಲ್ಲಿ 4ನೇ ದರ್ಜೆಯಲ್ಲೂ ಕಾಂಡ್ರೂಲ್‌ಗಳು ಚೆನ್ನಾಗಿಯೇ ಕಾಣುತ್ತವೆ. ವ್ಯತ್ಯಾಸ ತಿಳಿಯುವುದು 30 ಮೈಕ್ರಾನ್ ದಪ್ಪದ ತೆಳುಚ್ಛೇದವನ್ನು ಧ್ರುವೀಕೃತ ಬೆಳಕಿನಲ್ಲಿ ನೋಡಿದಾಗ. ನನ್ನ ಕಲ್ಲಿನ ಕಾಂಡ್ರೂಲ್‌ಗಳೊಳಗೆ 3ನೇ ದರ್ಜೆಯಲ್ಲಿ ಇರಬೇಕಾದ ಸ್ವಚ್ಛವಾದ ಗಾಜು ಉಳಿದಿರಲಿಲ್ಲ, ಅದು ಸೂಕ್ಷ್ಮ ಹರಳುಗಳಾಗಿ ಮಾರ್ಪಟ್ಟಿತ್ತು. ಇನ್ನೂ ಹೆಚ್ಚು ಬೆಂದರೆ ಕಡಿಮೆಯಾಗುವ, ಪಟ್ಟೆಪಟ್ಟೆಯಾದ ಏಕನತಾಕ್ಷ ಪೈರಾಕ್ಸೀನ್ ಎಂಬ ಖನಿಜ ಮಾತ್ರ ಇನ್ನೂ ಧಾರಾಳವಾಗಿತ್ತು. ಹೀಗೆ ಎಲ್‌ಎಲ್3 ಆಗಿದ್ದದ್ದು ಎಚ್4, ಡಬ್ಲ್ಯು3 ಆಯಿತು. 3ನೇ ದರ್ಜೆಯೊಳಗೇ 3.0ರಿಂದ 3.9ರವರೆಗೆ ಮೆಟ್ಟಿಲುಗಳಿವೆ; 1976ರಲ್ಲಿ ಗುಜರಾತಿನ ಧಜಾಲಾದಲ್ಲಿ ಬಿದ್ದ ಶಿಲೆ ಎಚ್3.8. ಚೀಟಿಯಲ್ಲಿ ಬರಿಯ 3 ಕಂಡಾಗಲೇ ಯಾರು ಅಳೆದರು, ಎಷ್ಟು ಹರಳು ಅಳೆದರು ಎಂದು ನಾನು ಕೇಳಬೇಕಿತ್ತು.

ಕೇಳಬೇಕಾಗಿದ್ದ ಇನ್ನೊಂದು ಪ್ರಶ್ನೆ ಸಂಖ್ಯೆಯದು. ಅಧಿಕೃತವಾಗಿ ವರ್ಗೀಕರಿಸಿದ ವಾಯವ್ಯ ಆಫ್ರಿಕಾದ ಶಿಲೆಗೆ ಉಲ್ಕಾಶಿಲೆಗಳ ಹೆಸರು-ವರ್ಗೀಕರಣಗಳನ್ನು ದಾಖಲಿಸುವ ಅಂತರರಾಷ್ಟ್ರೀಯ ಸಂಸ್ಥೆಯಾದ ಮೀಟಿಯೊರಿಟಿಕಲ್ ಸೊಸೈಟಿಯ ದತ್ತಸಂಚಯದಲ್ಲಿ ಸಂಖ್ಯೆಯೊಂದು ಇರುತ್ತದೆ. ಅದರ ಗುಂಪು, ದರ್ಜೆ, ಒಟ್ಟು ತೂಕ ಎಲ್ಲವನ್ನೂ ಯಾರು ಬೇಕಾದರೂ ಪುಕ್ಕಟೆಯಾಗಿ ಹುಡುಕಿ ನೋಡಬಹುದು. ನನ್ನ ಪ್ರಮಾಣಪತ್ರದಲ್ಲಿ ಮೊಹರಿತ್ತೇ ಹೊರತು ಸಂಖ್ಯೆ ಇರಲಿಲ್ಲ.

ಈಗ ನಾವೇ ನೋಂದಾಯಿಸೋಣವೆಂದರೆ ಅದಕ್ಕೂ ದಾರಿಯಿಲ್ಲ. ನಿಯಮದಂತೆ 20 ಗ್ರಾಂ ಅಥವಾ ಒಟ್ಟು ತೂಕದ ಶೇಕಡಾ 20, ಇವೆರಡರಲ್ಲಿ ಕಡಿಮೆಯಾದಷ್ಟನ್ನು ಮಾದರಿಯಾಗಿ ಸಂಸ್ಥೆಯೊಂದರಲ್ಲಿ ಇರಿಸಬೇಕು. ಮೂಲ ಕಲ್ಲು ಎಷ್ಟಿತ್ತೆಂದು ಕೇಳಿ ಬರೆದ ಮೂರು ಪತ್ರಗಳಿಗೆ ವ್ಯಾಪಾರಿಯಿಂದ ಉತ್ತರ ಬಂದಿಲ್ಲ. ತೆಳುಚ್ಛೇದಕ್ಕೆ ಕೊಯ್ದ ಮೇಲೆ ನಮ್ಮಲ್ಲಿ ಉಳಿದಿರುವುದು 8 ಗ್ರಾಂ. ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ಅದು ಹೆಸರಿಲ್ಲದೆ ಕುಳಿತಿದೆ.